ಬಿಸಿಲಿಗೆ ಬಿಟ್ಟ ಮಗು

ಬಾಗಿಲಿಗೆ ಅಡ್ಡ ನಿಂತಿದ್ದ ಅತ್ತೆ ಕೈಯಲ್ಲಿದ್ದ ಕಸಿ ಚಾಕುವನ್ನು ಬಟ್ಟೆಯ ತುಂಡಿಗೆ ಒರೆಸುತ್ತ, “ಮತ್ತೆ ಹೊರಟೆಯಾ?” ಎಂದರು.

ಸೊಸೆ ಮಗಳ ಹಣೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಮೈ ಬೆಚ್ಚಗಿತ್ತು, ಅಷ್ಟೇ. ಆದರೂ ಆ ಬೆಚ್ಚಗಿನ ಸ್ಪರ್ಶಕ್ಕೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಮಗುವಿನ ಕಾಲಿಗೆ ಚಪ್ಪಲಿ ಸಿಕ್ಕಿಸಿ, ಹೆಗಲಿಗೆ ಚೀಲ ಏರಿಸಿದಳು.

“ಆಸ್ಪತ್ರೆಯವರು ನಿನ್ನ ಹೆಸರು ಬರೆದು ಒಂದು ಬೆಂಚನ್ನೇ ಮೀಸಲಿಟ್ಟಿರಬೇಕು,” ಎಂದರು ಅತ್ತೆ. “ಹೋದ ಸಲ ನೆಗಡಿ ಅಂದ್ರು. ಅದರ ಹಿಂದಿನ ಸಲ ಗಂಟಲು ಅಂದ್ರು. ಈ ಸಲ ಮಗು ಸೀನಿತು ಅಂತಾರೆ, ನೋಡ್ತಿರು.”

“ಏನೂ ಇಲ್ಲ ಅಂತ ಅವರ ಬಾಯಿಂದಲೇ ಕೇಳ್ಕೊಂಡು ಬರ್ತೀನಿ ಅತ್ತೆ. ದಾರಿ ಬಿಡಿ.”

“ನಾನೂ ಮಕ್ಕಳನ್ನ ಹೆತ್ತು ಸಾಕಿದವಳೇ.”

“ನಿಮ್ಮ ಮಕ್ಕಳ ಹೊಟ್ಟೆಯಲ್ಲಿ ಗುಲ್ಮ ಪೂರ್ತಿ ಇತ್ತು. ಇವಳಿಗೆ ಆಪರೇಷನ್ ಮಾಡಿ ಅದರ ಒಂದು ಚೂರು ಮಾತ್ರ ಬಿಟ್ಟಿದ್ದಾರೆ.”

ಅತ್ತೆ ದಾರಿ ಬಿಟ್ಟರು. ಆದರೆ ಮಧ್ಯಾಹ್ನ ತಾಯಿ ಮಗಳು ಹಿಂದಿರುಗಿದಾಗ ವೈದ್ಯರು ಏನೆಂದರೆಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮಗು ಅಂಗಳದಲ್ಲೇ ನಿಂತು, “ಅಜ್ಜಿ, ಬರೀ ಶೀತವಂತೆ,” ಎಂದು ಕೂಗಿ ಹೇಳಿತು. ಅತ್ತೆ ಸೊಸೆಯ ಮುಖವನ್ನು ನೋಡಿ ನಕ್ಕರು. ಆ ನಗು ಸೊಸೆಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಅತ್ತೆ ಕೆಟ್ಟ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ಸಸಿತೋಟವನ್ನು ಒಬ್ಬರೇ ನಡೆಸಿ ಮಗನನ್ನೂ ಮಗಳನ್ನೂ ಬೆಳೆಸಿದವರು. ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕಟ್ಟಿ ಜೀವ ಹಿಡಿಸುವ ಕೈ ಅವರದು. ದೂರದ ತೋಟದವರೂ ಅವರನ್ನು ಕಸಿಯಮ್ಮ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಆಮೇಲೆಯೇ ಚಾಕು ಮುಟ್ಟುತ್ತಿದ್ದರು. ತಾನು ಕಟ್ಟಿದ ಕಸಿ ಹಿಡಿಯುವುದು ತನ್ನ ಕೈಯಿಂದಲ್ಲ, ಅವನ ಕರುಣೆಯಿಂದ ಎಂದು ನಂಬಿದ್ದರು. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಹುಟ್ಟಿದಾಗ ಅಂಗೈಯಗಲ ಇದ್ದ ಆ ಮಗುವಿಗೆ ಬಟಾಣಿ ಎಂದು ಹೆಸರಿಟ್ಟವರೂ ಅವರೇ.

ಬಟಾಣಿ ಹುಟ್ಟಿದಂದಿನಿಂದ ಹಳದಿ. ಕಣ್ಣು ಹಳದಿ, ಉಗುರು ಬಿಳಿ, ಎರಡು ಹೆಜ್ಜೆ ಓಡಿದರೆ ಏದುಸಿರು. ಚಪ್ಪಟೆಯಾಗಿರಬೇಕಾದ ರಕ್ತದ ಕಣಗಳು ಅವಳಲ್ಲಿ ಉಂಡೆಯಾಗಿ, ಬೇಗ ಒಡೆಯುವಂತೆ ಹುಟ್ಟುತ್ತಿದ್ದವು. ಹೊಟ್ಟೆಯ ಎಡಗಡೆಯಲ್ಲಿರುವ, ಸ್ಪ್ಲೀನ್ ಎನ್ನುವ ಗುಲ್ಮ ಅವನ್ನು ಹಿಡಿದು ಹಿಡಿದು ನಾಶ ಮಾಡುತ್ತ, ತಾನು ಊದಿಕೊಳ್ಳುತ್ತಿತ್ತು. ಬೇರೆಯವರ ರಕ್ತ ಕೊಡಿಸಿ ಕೊಡಿಸಿ ಸಾಕಾದ ಮೇಲೆ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ತಂದೆತಾಯಿಯನ್ನು ಕೂರಿಸಿ ಹೇಳಿದ್ದರು: “ಗುಲ್ಮ ಪೂರ್ತಿ ತೆಗೆದರೆ ರಕ್ತ ಉಳಿಯುತ್ತೆ. ಆದರೆ ಕೆಲವು ರೋಗಾಣುಗಳನ್ನ ರಕ್ತದಿಂದ ಸೋಸಿ ತೆಗೆಯೋದೂ ಅದೇ ಗುಲ್ಮ. ಅದಿಲ್ಲದಿದ್ರೆ ಮನೆಗೆ ಕಾವಲಿಲ್ಲದ ಹಾಗೆ. ಅದಕ್ಕೆ ಒಂದು ಚೂರು ಉಳಿಸ್ತೀನಿ. ಅದು ಮತ್ತೆ ಬೆಳೆಯುತ್ತೆ. ಅದು ಬೆಳೆದು, ಕೆಲಸಕ್ಕೆ ನಿಲ್ಲೋವರೆಗೆ ಚುಚ್ಚುಮದ್ದು ತಪ್ಪಿಸಬೇಡಿ, ದಿನಾ ಬೆಳಿಗ್ಗೆ ಒಂದು ಮಾತ್ರೆ ತಪ್ಪಿಸಬೇಡಿ. ಜ್ವರ ಬಂದರೆ ಕಾಯಬೇಡಿ, ನೋಡೋಣ ಅನ್ನಬೇಡಿ. ಎತ್ಕೊಂಡು ಓಡಿ ಬನ್ನಿ.”

ಸೊಸೆ ಆ ಮಾತನ್ನು ಮಂತ್ರದಂತೆ ಹಿಡಿದಳು. ಶಸ್ತ್ರಚಿಕಿತ್ಸೆಯಾದ ಮೇಲೆ ಮಗುವಿನ ಕೆನ್ನೆಗೆ ಬಣ್ಣ ಬಂತು, ಶಾಲೆಯ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿತು. ಆದರೆ ತಾಯಿಯ ಕೈ ಮಗುವಿನ ಹಣೆಯಿಂದ ದೂರ ಹೋಗಲಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಮಗು ಏಳುವ ಮೊದಲೇ ಮನೆ ಬಿಡಬೇಕಿತ್ತು. ಹಾಗಾಗಿ ಬೆಳಗಿನ ಮಾತ್ರೆ ಅತ್ತೆಯ ಪಾಲಿಗೆ ಬಂದಿತ್ತು.

ಚೂರು ಬೆಳೆದಿದೆಯೇ ಎಂದು ನೋಡಲು ಕರೆದ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಪರದೆಯ ಮೇಲೆ ಬೂದು ಬಣ್ಣದ ಒಂದು ನೆರಳನ್ನು ತೋರಿಸಿ ಡಾಕ್ಟರಮ್ಮ ಮುಗುಳ್ನಕ್ಕರು. ಹೆಬ್ಬೆರಳಿನಷ್ಟು ಬಿಟ್ಟದ್ದು ಮುಷ್ಟಿಯಷ್ಟಾಗಿತ್ತು. ಗಂಡ ಸಸಿಗಳ ವ್ಯಾನು ಓಡಿಸುವವನು, ಮಾತು ಕಡಿಮೆ. ಅಂದು ಮಾತ್ರ ದಾರಿಯುದ್ದಕ್ಕೂ ಹಾಡು ಗುನುಗುತ್ತ ಬಂದು, ವ್ಯಾನಿನಿಂದ ಇಳಿಯುವ ಮೊದಲೇ, “ಅಮ್ಮ, ಬೆಳೆದಿದೆಯಂತೆ. ಪೂರ್ತಿ ಬೆಳೆದಿದೆ,” ಎಂದು ಕೂಗಿದ. ಕಸಿಯಮ್ಮ ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟು, ಅಲ್ಲೇ ಮಣ್ಣಿನ ಮೇಲೆ ಕುಳಿತು ಕಣ್ಣೀರು ಸುರಿಸಿದರು.

ಡಾಕ್ಟರಮ್ಮ ಹೇಳಿದ್ದು ಅಷ್ಟೇ ಆಗಿರಲಿಲ್ಲ. “ಗಾತ್ರ ಬೇರೆ, ಕೆಲಸ ಬೇರೆ. ಇದರಲ್ಲಿ ಕಾಣೋದು ಗಾತ್ರ ಮಾತ್ರ. ಎಷ್ಟು ಕೆಲಸ ಮಾಡ್ತಿದೆ ಅಂತ ಬೇರೆ ಪರೀಕ್ಷೆ ಮಾಡಬೇಕು. ಅಲ್ಲಿವರೆಗೆ ಯಾವುದನ್ನೂ ನಿಲ್ಲಿಸಬೇಡಿ,” ಎಂದಿದ್ದರು. ಗಂಡನ ಸಂತೋಷದಲ್ಲಿ ಆ ಉಳಿದರ್ಧ ಮಾತು ದಾರಿಯಲ್ಲೇ ಉದುರಿಹೋಯಿತು. ಸೊಸೆ ಅದನ್ನು ಊಟದ ಹೊತ್ತಿನಲ್ಲಿ ಹೇಳಿದಳು. ಅತ್ತೆ, “ನಿನಗೆ ಒಳ್ಳೇ ಸುದ್ದಿ ಅರಗೋದೇ ಇಲ್ಲ ಬಿಡು,” ಎಂದು ಎದ್ದು ಹೋದರು.

ಸಸಿತೋಟದವರಿಗೆ ಒಂದು ಕ್ರಮವಿದೆ. ನೆರಳಿನ ಬಲೆಯ ಕೆಳಗೆ, ದಿನಕ್ಕೆರಡು ಸಲ ನೀರು ಕುಡಿದು ಬೆಳೆದ ಸಸಿಯನ್ನು ಹಾಗೆಯೇ ಒಯ್ದು ನೆಟ್ಟರೆ ಅದು ಉಳಿಯುವುದಿಲ್ಲ. ಚಿಗುರು ಬಲಿತ ಮೇಲೆ ಅದಕ್ಕೆ ನೀರು ಕಡಿಮೆ ಮಾಡಬೇಕು, ಔಷಧ ನಿಲ್ಲಿಸಬೇಕು, ಬಲೆಯಿಂದ ಹೊರಗೆ ತಂದು ದಿನದಿನವೂ ಸ್ವಲ್ಪ ಸ್ವಲ್ಪ ಬಿಸಿಲು ತೋರಿಸಬೇಕು. ಮೊದಲ ದಿನ ಎಲೆ ಬಾಡಿ ತಲೆ ತಗ್ಗಿಸುತ್ತದೆ. ಆಗ ಹೆದರಿ ನೀರು ಹೊತ್ತು ಓಡಬಾರದು. ಸಂಜೆಯ ಹೊತ್ತಿಗೆ ಅದು ತಾನೇ ತಲೆ ಎತ್ತುತ್ತದೆ. ಹೀಗೆ ಗಟ್ಟಿಯಾದ ಸಸಿಯೇ ಭೂಮಿಯಲ್ಲಿ ನಿಲ್ಲುತ್ತದೆ. ಕಸಿಯಮ್ಮ ಇದನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಬದುಕೆಲ್ಲ ಅವರಿಗೆ ಈ ಕ್ರಮ ಒಮ್ಮೆಯೂ ಮೋಸ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ಅವರು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಮಗು ಬಾಯಿ ತೆರೆದು ಕಾಯುತ್ತಿತ್ತು.

“ಇವತ್ತು ಬೇಡ ಕಂದ.”

“ಯಾಕಜ್ಜಿ? ನನಗೆ ವಾಸಿ ಆಯ್ತಾ?”

“ಆಗಿದೆ. ಇನ್ನು ಗಟ್ಟಿಯಾಗಬೇಕು. ನಮ್ಮ ಸಸಿಗಳನ್ನ ಬಿಸಿಲಿಗೆ ಬಿಡಲ್ವಾ, ಹಾಗೆ.”

“ಅಮ್ಮನಿಗೆ ಹೇಳ್ಲಾ?”

“ಆಮೇಲೆ ಹೇಳೋಣ. ನೀನು ಗಟ್ಟಿಯಾಗಿ ನಿಂತ ಮೇಲೆ. ಈಗಲೇ ಹೇಳಿದ್ರೆ ಅವಳು ನಿನ್ನ ಎತ್ಕೊಂಡು ಆಸ್ಪತ್ರೆಗೆ ಓಡ್ತಾಳೆ.”

ಮಗು ಕಿಲಕಿಲನೆ ನಕ್ಕಿತು. ಅಜ್ಜಿ ಮೊಮ್ಮಗಳಿಗೆ ಗುಟ್ಟೆಂದರೆ ಎಲ್ಲಿಲ್ಲದ ಖುಷಿ. ಮೊದಲು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಎರಡು ದಿನ ಬಿಟ್ಟು, ಕೊನೆಗೆ ಪೂರ್ತಿ… ಮಾತ್ರೆಗಳು ಗೊಬ್ಬರದ ಗುಂಡಿಗೆ ಬಿದ್ದವು. ಮಗು ಹಾರಾಡಿಕೊಂಡೇ ಇತ್ತು. ಕಸಿಯಮ್ಮ ದೇವರಿಗೆ ಕೈಮುಗಿಯುವಾಗ, “ಇವಳನ್ನು ನೆಲಕ್ಕೆ ನಿಲ್ಲಿಸಿದೆ ತಂದೆ,” ಎಂದು ನಿತ್ಯವೂ ಹೇಳುತ್ತಿದ್ದರು. ಪ್ರೀತಿಯಿಂದ ಮಾಡಿದ ಕೆಲಸ ತಪ್ಪಾಗಿರಬಹುದೆಂಬ ಅನುಮಾನ ಮನುಷ್ಯನಿಗೆ ಬರುವುದೇ ಇಲ್ಲ…

ಜ್ವರ ಬಂದ ದಿನ ತಾಯಿ ಕೆಲಸಕ್ಕೆ ಹೋಗಿದ್ದಳು. ತಂದೆ ಸಸಿ ಇಳಿಸಲು ದೂರ ಹೋಗಿದ್ದ. ಮಗು ಹಾಸಿಗೆಯಲ್ಲಿ ನಡುಗುತ್ತ, “ಅಜ್ಜಿ, ಚಳಿ,” ಎಂದಿತು. ಕಸಿಯಮ್ಮ ಮೈ ಮುಟ್ಟಿ ನೋಡಿದರು. ಸುಡುತ್ತಿತ್ತು. ಫೋನು ಗೋಡೆಯ ಗೂಡಿನಲ್ಲೇ ಇತ್ತು. ಅವರು ಅದರ ಕಡೆ ನೋಡಿದ್ದು ನಿಜ. ಆದರೆ ಮನಸ್ಸು, ಇದೇ ಮೊದಲ ಬಿಸಿಲು, ಸಂಜೆಗೆ ತಲೆ ಎತ್ತುತ್ತಾಳೆ, ಓಡುವವರೇ ಕೆಡಿಸುವವರು ಎಂದಿತು. ಮಗುವನ್ನು ಎತ್ತಿ ತಂದು, ಬಲೆಯ ನೆರಳಿನಲ್ಲಿ ತಾವು ಕೆಲಸ ಮಾಡುವ ಬೆಂಚಿನ ಮೇಲೆ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಪಕ್ಕದಲ್ಲೇ ಕುಳಿತು ಕಸಿ ಕಟ್ಟತೊಡಗಿದರು.

ಮಗು ವಾಂತಿ ಮಾಡಿತು. ಬಾಯಿ ಒರೆಸಿ ನೀರು ಕುಡಿಸಿದರು. ಮಗು ತೂಕಡಿಸಿತು. ಮಲಗಲಿ ಎಂದುಕೊಂಡರು. ಬಿಸಿಲು ನೆತ್ತಿಗೆ ಬಂದಾಗ ಬಟಾಣಿ ಕಣ್ಣು ಅರ್ಧ ತೆರೆದು, “ಅಜ್ಜಿ, ನನ್ನ ಕಾಲು ಎಲ್ಲೋ ಹೋಯ್ತು,” ಎಂದಿತು. ಕಸಿಯಮ್ಮ ಪಾದ ಮುಟ್ಟಿದರು. ಪಾದ ತಣ್ಣಗಿತ್ತು. ಕೈ ಮುಟ್ಟಿದರು. ಅದೂ ತಣ್ಣಗಿತ್ತು.

ಜ್ವರ ಇಳಿಯಿತು… ಎಂದು ಆ ಮುದುಕಿ ಮೇಲೆ ನೋಡಿ ಕೈಮುಗಿದರು.

ಪಾಳಿ ಮುಗಿಸಿ ಬಂದ ಸೊಸೆ ಚೀಲವನ್ನು ಕೆಳಗಿಡಲಿಲ್ಲ. ಬೆಂಚಿನ ಬಳಿ ನಿಂತು, ಮಗಳ ತುಟಿ ನೋಡಿದಳು. ಫ್ರಾಕಿನ ಅಂಚನ್ನು ಮೇಲೆ ಸರಿಸಿದಳು. ತೊಡೆಯ ಮೇಲೆ, ಹೊಟ್ಟೆಯ ಮೇಲೆ, ಶಾಯಿ ಚೆಲ್ಲಿದ ಹಾಗೆ ನೇರಳೆ ಮಚ್ಚೆಗಳು.

“ಎಷ್ಟು ಹೊತ್ತಿಂದ ಅತ್ತೆ?”

“ಬೆಳಿಗ್ಗೆ ಸ್ವಲ್ಪ ಬಿಸಿ ಇತ್ತು. ಈಗ ಇಳಿದಿದೆ ನೋಡು, ಕೈಕಾಲು ತಣ್ಣಗೆ…”

ಸೊಸೆ ಮಗುವನ್ನು ಬಾಚಿ ಎತ್ತಿಕೊಂಡು ಓಡಿದಳು. ಹೂಕುಂಡ ಕೊಳ್ಳಲು ಬಂದಿದ್ದ ಗಿರಾಕಿಯ ಕಾರಿನ ಬಾಗಿಲನ್ನು ತಾನೇ ತೆರೆದು ಒಳಗೆ ಕುಳಿತು, “ಆಸ್ಪತ್ರೆಗೆ ನಡೀರಿ ಅಣ್ಣ, ಕಾಲು ಹಿಡ್ಕೊಳ್ತೀನಿ,” ಎಂದಳು. ಆತ ಕೊಂಡ ಕುಂಡವನ್ನು ರಸ್ತೆಯ ಮೇಲೇ ಬಿಟ್ಟು ಕಾರು ತೆಗೆದ. ಕಸಿಯಮ್ಮ ಅರ್ಧ ಕಟ್ಟಿದ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಗೇಟಿನ ಬಳಿ ನಿಂತರು. ಆಮೇಲೆ ಬರಿಗಾಲಲ್ಲೇ ಆಸ್ಪತ್ರೆಯ ದಾರಿ ಹಿಡಿದರು.

ಅವರು ತಲುಪುವಾಗ ಮಗುವಿನ ಎರಡೂ ಕೈಗೆ ಸೂಜಿ ಚುಚ್ಚಿದ್ದರು. ಬಿಳಿ ಕೋಟಿನವರು ಸುತ್ತುವರಿದಿದ್ದರು. ಮಗನೂ ಬಂದು ಗೋಡೆಗೊರಗಿ ನಿಂತಿದ್ದ. ಕರೆಸಿಕೊಂಡಿದ್ದ ಡಾಕ್ಟರಮ್ಮ ಮಗುವಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದರು: “ರಕ್ತಕ್ಕೆ ಸೋಂಕು ಹರಡಿದೆ. ಮಾತ್ರೆ ತಪ್ಪದೆ ಕೊಡ್ತಿದ್ರಾ?”

“ಒಂದು ದಿನವೂ ತಪ್ಪಿಲ್ಲ ಮೇಡಂ,” ಎಂದಳು ಸೊಸೆ. ಆ ಸಂಕಟದಲ್ಲೂ ಅವಳ ದನಿಯಲ್ಲಿ ಒಂದು ಗಟ್ಟಿತನವಿತ್ತು. ತನ್ನ ಕಡೆಯಿಂದ ಲೋಪವಿಲ್ಲ ಎಂಬ ಒಂದೇ ಆಸರೆಯನ್ನು ಅವಳು ಹಿಡಿದುಕೊಂಡಿದ್ದಳು.

ಬಾಗಿಲ ಬಳಿ ನಿಂತಿದ್ದ ಕಸಿಯಮ್ಮ ಅದನ್ನು ಕೇಳಿಸಿಕೊಂಡರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ತಪ್ಪಿದೆ,” ಎಂದರು. “ನಾನು ನಿಲ್ಲಿಸಿದೆ.”

ಸೊಸೆ ತಿರುಗಿ ನೋಡಿದಳು.

“ಬೆಳೆದಿದೆ ಅಂದ್ರಲ್ಲ… ಇನ್ನು ಗಟ್ಟಿಯಾಗಲಿ ಅಂತ… ಬಹಳ ದಿನ ಆಯ್ತು ನಿಲ್ಲಿಸಿ.”

ಡಾಕ್ಟರಮ್ಮ ನರ್ಸಿಗೆ ಏನೋ ಹೇಳಿ ಔಷಧ ಬರೆದರು. ಬೈಯುವುದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ. ಮಗ ಗೋಡೆ ಬಿಟ್ಟು ಮುಂದೆ ಬಂದ. ಹುಟ್ಟಿದಂದಿನಿಂದ ತಾಯಿಯ ಎದುರು ದನಿ ಎತ್ತದವನು, ಅವರ ಎರಡೂ ಭುಜ ಹಿಡಿದು ಹೊರಗಿನ ಕಾರಿಡಾರಿಗೆ ತಂದ.

“ಅದು ಗಿಡ ಅಲ್ಲಮ್ಮ… ನನ್ನ ಮಗಳು.”

“ಗೊತ್ತು ಕಣೋ.”

“ಏನು ಗೊತ್ತು ನಿಮಗೆ? ಅವಳು ಹೇಳಿದ್ಲಲ್ಲ. ಊಟಕ್ಕೆ ಕೂತಾಗ ಹೇಳಿದ್ಲಲ್ಲ, ನಿಲ್ಲಿಸಬಾರದು ಅಂತ. ಅವಳು ಹೇಳಿದ್ದು ಅಂತ ತಾನೇ ನೀವು ಕೇಳಲಿಲ್ಲ?”

ಆ ಮಾತು ನಿಜವಾಗಿತ್ತು. ಕಸಿಯಮ್ಮ ಅದಕ್ಕೆ ತಲೆ ತಗ್ಗಿಸಿದರು. ಸೊಸೆ ಒಳಗಿನಿಂದ ಬಾಗಿಲಿಗೆ ಬಂದು ಗಂಡನಿಗೆ ಮಾತ್ರ ಹೇಳಿದಳು, “ರೀ, ನನ್ನ ಮಗಳು ಬದುಕಿ ಮನೆಗೆ ಬಂದರೆ ಇವರು ಆ ಮನೆಯಲ್ಲಿರಬಾರದು. ಬರದೇ ಹೋದರೆ ನಾನು ಇರಲ್ಲ.”

ಬಟಾಣಿ ಬದುಕಿದಳು. ಯಂತ್ರದ ಉಸಿರಿನಲ್ಲಿ ಹಲವು ದಿನ ಇದ್ದಳು. ಪ್ರಾಣವನ್ನು ಉಳಿಸಿಕೊಳ್ಳಲು ದೇಹವು ತುದಿಗಳ ಕಡೆಗೆ ರಕ್ತ ಕಳಿಸುವುದನ್ನು ನಿಲ್ಲಿಸಿತ್ತು. ಎಡಗೈಯ ಬೆರಳುಗಳ ತುದಿ ಮೊದಲು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಬಲಗಾಲಿನ ಬೆರಳುಗಳೂ ಹಾಗೆಯೇ. ಕಪ್ಪಾದದ್ದನ್ನು ಕತ್ತರಿಸಬೇಕಾಯಿತು. ತಾಯಿ ಸಹಿ ಹಾಕುವಾಗ ಅಳಲಿಲ್ಲ. ತಂದೆ ಆಸ್ಪತ್ರೆಯ ಹಿಂಭಾಗಕ್ಕೆ ಹೋಗಿ, ನಿಲ್ಲಿಸಿದ ವ್ಯಾನಿನೊಳಗೆ ಕುಳಿತು ಅತ್ತ.

“ಆ ಬೆಳೆದ ಚೂರು ಏನೂ ಮಾಡಲಿಲ್ವಾ ಮೇಡಂ?” ಎಂದು ಅವನು ಒಮ್ಮೆ ಕೇಳಿದ.

“ಸ್ವಲ್ಪ ಮಾಡಿದೆ ಅಂತ ಕಾಣುತ್ತೆ,” ಎಂದರು ಡಾಕ್ಟರಮ್ಮ. “ಪೂರ್ತಿ ಕಾಯೋ ಶಕ್ತಿ ಅದಕ್ಕಿನ್ನೂ ಬಂದಿರಲಿಲ್ಲ. ಅದೂ ಇಲ್ಲದಿದ್ರೆ ನಿಮ್ಮ ಹೆಂಡತಿ ಎತ್ಕೊಂಡು ಬರೋವರೆಗೂ ಈ ಮಗು ಉಳೀತಿರಲಿಲ್ಲವೇನೋ. ಬೆಳಿಗ್ಗೆಯೇ ಬಂದಿದ್ರೆ ಬೆರಳೂ ಉಳೀತಿತ್ತೇನೋ. ಖಂಡಿತ ಅಂತ ಯಾವುದನ್ನೂ ನಾನು ಹೇಳಲಾರೆ.”

ಆ ದಿನಗಳಲ್ಲೆಲ್ಲ ಕಸಿಯಮ್ಮ ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಕುಳಿತಿರುತ್ತಿದ್ದರು. ಒಳಗೆ ಬರಲು ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪ್ರಾರ್ಥನೆ ಮಾಡಲೂ ಬಾಯಿ ಬರುತ್ತಿರಲಿಲ್ಲ. ಏನೆಂದು ಬೇಡುವುದು? ತಣ್ಣಗಾದ ಪಾದ ಹಿಡಿದು ತಾನು ಕೈಮುಗಿದಿದ್ದು ಅವನಿಗೂ ನೆನಪಿರುತ್ತದಲ್ಲ… ಆದರೂ ಬೆಳಗಾದರೆ ಮುಖ ತೊಳೆದು ಬಂದು, ಕೈ ಜೋಡಿಸಿ, ಮಾತಿಲ್ಲದೆ ಕುಳಿತುಕೊಳ್ಳುತ್ತಿದ್ದರು. ಅದೊಂದು ಅಭ್ಯಾಸ ಉಳಿದಿತ್ತು.

ಮಗುವನ್ನು ಮನೆಗೆ ಕರೆತರುವ ದಿನ ಗೊತ್ತಾಯಿತು. ಮಗ ದೂರದ ಊರಿನಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ತಾಯಿಗೆ ಒಂದು ಕೋಣೆಯನ್ನು ಗೊತ್ತುಮಾಡಿದ್ದ. ಕಸಿಯಮ್ಮ ತಮ್ಮ ಬಟ್ಟೆಗಳನ್ನು ಗಂಟು ಕಟ್ಟಿ ಬಾಗಿಲ ಪಕ್ಕದಲ್ಲಿಟ್ಟು ನಿಂತಿದ್ದರು. ಮಗುವನ್ನು ಒಮ್ಮೆ ನೋಡಿ ಹೊರಡುವುದೆಂದು ಮಗ ಒಪ್ಪಿಕೊಂಡಿದ್ದ.

ತಂದೆಯ ತೋಳಿನಲ್ಲಿ ಬಟಾಣಿ ಒಳಗೆ ಬಂದಳು. ಮೊದಲಿಗಿಂತ ಹಗುರವಾಗಿದ್ದಳು. ಎಡಗೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಮಂಚದ ಮೇಲೆ ಮಲಗಿಸಿದ ಮೇಲೆ ತಾಯಿಯನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಕೇಳಿದಳು:

“ಅಮ್ಮ, ನಾನು ಸುಳ್ಳು ಹೇಳಿದ್ದಕ್ಕಾ ಹೀಗಾಯ್ತು?”

“ಯಾವ ಸುಳ್ಳು ಚಿನ್ನ?”

“ಮಾತ್ರೆ ತಿಂದ್ಯಾ ಅಂತ ನೀನು ದಿನಾ ಕೇಳ್ತಿದ್ದೆ. ತಿಂದೆ ಅಂತಿದ್ದೆ… ತಿಂದಿರಲಿಲ್ಲ. ದೇವರು ಅದಕ್ಕೇ ಬೆರಳು ತಗೊಂಡನಾ?”

ಸೊಸೆ ಮಂಚದ ಅಂಚಿನಲ್ಲಿ ಕುಳಿತಳು. ಈ ಮಗು ಯಂತ್ರಗಳ ನಡುವೆ ಮಲಗಿ ಇಷ್ಟು ದಿನವೂ ಯೋಚಿಸುತ್ತಿದ್ದದ್ದು ಇದನ್ನೇ… “ಇಲ್ಲ ಮಗಳೇ. ಜ್ವರ ಬಂತು. ಜ್ವರದಿಂದ ಆಯ್ತು, ಅಷ್ಟೇ,” ಎಂದಳು.

“ಅಲ್ಲ. ನಾನು ಸುಳ್ಳು ಹೇಳಿದ್ದಕ್ಕೆ.”

ಮಗು ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅಳತೊಡಗಿತು. ತಾಯಿ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿತು.

ಬಾಗಿಲ ಬಳಿಯಿದ್ದ ಕಸಿಯಮ್ಮ ಒಳಗೆ ಬಂದರು. ಈ ಮನೆಯಲ್ಲಿ ಅವರಿಗೆ ಇನ್ನು ಉಳಿದಿದ್ದದ್ದು ಈ ಮಗುವಿನ ಪ್ರೀತಿ ಒಂದೇ. ಮಗನದು ಹೋಗಿತ್ತು. ಸೊಸೆಯದು ಎಂದೂ ಇರಲಿಲ್ಲ. ಸುಮ್ಮನೆ ಹೊರಟುಹೋಗಿದ್ದರೆ ಅದೊಂದನ್ನಾದರೂ ಗಂಟಿನ ಜೊತೆ ಒಯ್ಯಬಹುದಿತ್ತು. ಅವರು ಮಂಚದ ಪಕ್ಕ ನೆಲದ ಮೇಲೆ ಕುಳಿತರು.

“ಬಟಾಣಿ, ಈ ಕಡೆ ನೋಡು. ಸುಳ್ಳು ನಿನ್ನದಲ್ಲ, ನನ್ನದು. ಮಾತ್ರೆ ನಾನು ಕೊಡಲಿಲ್ಲ. ಕೊಡಬೇಕು ಅಂತ ಡಾಕ್ಟರು ಹೇಳಿದ್ರು, ನಿಮ್ಮಮ್ಮ ಹೇಳಿದ್ಲು. ನನಗೇ ಹೆಚ್ಚು ಗೊತ್ತು ಅನ್ಕೊಂಡೆ. ಅಮ್ಮನಿಗೆ ಹೇಳಬೇಡ ಅಂತ ನಿನ್ನ ಬಾಯಿ ಕಟ್ಟಿದವಳೂ ನಾನೇ. ಜ್ವರ ಬಂದ ದಿನ ನಿನ್ನ ಬೆಂಚಿನ ಮೇಲೆ ಮಲಗಿಸಿ ಕಾದವಳೂ ನಾನೇ. ದೇವರು ನಿನ್ನ ಬೆರಳು ತಗೊಂಡಿಲ್ಲ ಕಂದ. ನನ್ನಿಂದ ಹೋಯ್ತು.”

ಮಗು ನಿಧಾನವಾಗಿ ತಿರುಗಿತು. ಅಜ್ಜಿಯ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿತು. ಹೊದಿಕೆಯೊಳಗಿನಿಂದ ಎಡಗೈ ತೆಗೆದು, ಮೊಂಡಾದ ಬೆರಳುಗಳನ್ನು ಅವರ ಕಣ್ಣೆದುರು ಹಿಡಿಯಿತು.

“ನೀನಾ?”

“ಹೂಂ. ನಾನೇ.”

“ಹೋಗು,” ಎಂದಿತು ಮಗು. “ಹೋಗು, ನೀನು ಬೇಡ.” ಮತ್ತೆ ಅಳತೊಡಗಿತು. ಆದರೆ ಈ ಅಳು ಬೇರೆಯಾಗಿತ್ತು. ಜೋರಾಗಿ, ಬಿಕ್ಕಿ ಬಿಕ್ಕಿ, ತಾಯಿಯ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಅತ್ತಿತು. ಬಚ್ಚಿಟ್ಟಿದ್ದ ಕೈ ಹೊರಗೇ ಇತ್ತು.

ಕಸಿಯಮ್ಮ ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದು ಗಂಟನ್ನು ಎತ್ತಿಕೊಂಡರು. ಅವರು ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿತು.

“ಅತ್ತೆ.”

ಆಸ್ಪತ್ರೆಯ ದಿನದಿಂದ ಸೊಸೆ ಅವರನ್ನು ಕರೆದಿರಲಿಲ್ಲ.

“ಎಲ್ಲಿಗೆ ಹೊರಟ್ರಿ?”

“ನೀನೇ ಹೇಳಿದೆಯಲ್ಲಮ್ಮ.”

“ಹೇಳಿದ್ದೆ. ಈಗ ಬೇರೆ ಹೇಳ್ತೀನಿ.” ಸೊಸೆಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ. “ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ. ಅದು ನನ್ನ ಕೈಲಾಗಲ್ಲ, ಯಾವತ್ತಾದ್ರೂ ಆಗುತ್ತೆ ಅಂತಲೂ ಹೇಳಲಾರೆ. ಮಾತ್ರೆ ನಾನೇ ಕೊಡ್ತೀನಿ, ಪಾಳಿ ಬದಲಾಯಿಸ್ಕೊಂಡಿದೀನಿ. ನೀವು ಅದನ್ನ ಮುಟ್ಟಬೇಡಿ.”

“ಮುಟ್ಟಲ್ಲ.”

“ಆದ್ರೆ ನೀವು ಇಲ್ಲಿರಬೇಕು. ಅವಳಿಗೆ ಈಗ ನಿಮ್ಮ ಮೇಲೆ ಕೋಪ ಬಂದಿದೆ. ಇಷ್ಟು ದಿನ ಆ ಕೋಪ ಅವಳ ಮೇಲೇ ಇತ್ತು. ನೀವು ಹೊರಟುಹೋದ್ರೆ, ನನ್ನಿಂದ ಅಜ್ಜಿ ಹೋದಳು ಅಂತ ಅದೂ ಅವಳ ತಲೆಗೇ ಸುತ್ಕೊಳ್ಳುತ್ತೆ. ಅವಳು ಬೈಯೋದಕ್ಕೆ ನೀವು ಎದುರಿಗೆ ಇರಬೇಕು. ಬೈದಷ್ಟು ದಿನ ಕೇಳಬೇಕು. ಆಗುತ್ತಾ?”

ಒಳಗಿನಿಂದ ಮಗುವಿನ ಅಳು ಇನ್ನೂ ಕೇಳುತ್ತಿತ್ತು. ತಂದೆ ಏನೋ ಸಮಾಧಾನ ಹೇಳುತ್ತಿದ್ದ.

“ಆಗುತ್ತೆ,” ಎಂದರು ಕಸಿಯಮ್ಮ.

ಸೊಸೆ ಅವರ ಕೈಯಿಂದ ಗಂಟನ್ನು ತೆಗೆದುಕೊಂಡು ಮುಂದೆ ನಡೆದಳು. ಅವರು ಅವಳ ಹಿಂದೆ, ಸ್ವಲ್ಪ ದೂರ ಬಿಟ್ಟು, ತಲೆ ತಗ್ಗಿಸಿ ಮನೆಯೊಳಗೆ ಹೋದರು.